ಚಿನ್ನದ ಮಣ್ಣಿನ ಚೀಲ ತರಿಸಿದರೆ ಗಿಟ್ಟುತ್ತಾ?

ಅಮೆರಿಕದಲ್ಲಿ ಚಿನ್ನ ಬೆರೆತ ಮಣ್ಣನ್ನು ಚೀಲಕ್ಕೆ ತುಂಬಿ ಅಂಚೆಯಲ್ಲಿ ಮಾರುತ್ತಾರೆ. ಪೇಡರ್ಟ್ ಅಂತ ಹೆಸರು. ದುಡ್ಡು ಕಟ್ಟಿದರೆ ಚೀಲ ಮನೆ ಬಾಗಿಲಿಗೆ ಬರುತ್ತದೆ. ಟಬ್‌ನಲ್ಲಿ ನೀರು ತುಂಬಿಸಿಕೊಂಡು, ಅಗಲವಾದ ತಟ್ಟೆಯಲ್ಲಿ ಆ ಮಣ್ಣನ್ನು ತೊಳೆದು ಚಿನ್ನ ತೆಗೆಯಬೇಕು. ನಾನು ಇದನ್ನು ತರಿಸಿ ತೊಳೆದೆ ಅಂತ ಗೊತ್ತಾದ ಮೇಲೆ ಕುಕ್ಕರಹಳ್ಳಿ ಕೆರೆಯ ನಮ್ಮ ವಾಕಿಂಗ್ ಗುಂಪಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ‘ಗಿಟ್ಟಿತಾ ಮೇಡಂ?’

ಗಿಟ್ಟಲ್ಲ. ಹಾಕಿದ ದುಡ್ಡಿನಲ್ಲಿ ಅರ್ಧವೂ ವಾಪಸ್ ಬರಲಿಲ್ಲ. ಅದು ಬರಲ್ಲ ಅಂತ ಮೊದಲೇ ಗೊತ್ತಿತ್ತು ಕೂಡ. ಆದರೆ ದುಡ್ಡು ಎಲ್ಲೆಲ್ಲಿ ಸೋರುತ್ತದೆ, ಕೈಗೆ ಏನು ಉಳಿಯುತ್ತದೆ ಅನ್ನುವುದು ಕೂತು ತೊಳೆದಾಗಲೇ ಗೊತ್ತಾಗೋದು. ಅದನ್ನೇ ಬರೆಯುತ್ತಿದ್ದೇನೆ.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಸಾಂದ್ರತೆಯ ಪಾಠ ಎಷ್ಟು ವರ್ಷ ಮಾಡಿದ್ದೇನೋ ಲೆಕ್ಕವಿಲ್ಲ. ನೀರಿನದು 1 ಆದರೆ ಚಿನ್ನದ ಸಾಂದ್ರತೆ 19.3 ಅಂತ ಬೋರ್ಡಿನ ಮೇಲೆ ಬರೆದಿದ್ದೇ ಬರೆದಿದ್ದು. ಒಂದು ಸಲವಾದರೂ ಆ ಸಂಖ್ಯೆ ಕೈಯಲ್ಲಿ ಕೆಲಸ ಮಾಡುವುದನ್ನು ನೋಡಬೇಕು ಅನ್ನೋ ಆಸೆ. ವಿಡಿಯೊಗಳಲ್ಲಿ ಗಡ್ಡದ ಗಂಡಸರು ತಟ್ಟೆ ಅಲ್ಲಾಡಿಸಿ ಹಳದಿ ಗೆರೆ ತೋರಿಸುತ್ತಿದ್ದರು. ನನಗೂ ಆಗಲ್ವಾ ಅನ್ನಿಸಿತು.

ಮೊದಲು ಮೈಸೂರಿಗೇ ತರಿಸೋಣ ಅಂದುಕೊಂಡೆ. ಅದು ಆಗದ ಮಾತು. ಹೊರದೇಶದ ಮಣ್ಣಿನ ಜೊತೆ ಕೀಟ, ರೋಗ ಬರಬಾರದು ಅಂತ ನಮ್ಮಲ್ಲಿ 2003ರ ಸಸ್ಯ ಕ್ವಾರಂಟೈನ್ ಆದೇಶ ಇದೆ. ಪರ್ಮಿಟ್ ಇಲ್ಲದೆ ಮಣ್ಣು ತರಿಸುವ ಹಾಗಿಲ್ಲ. ಹವ್ಯಾಸಕ್ಕೆ ಒಂದು ಚೀಲ ಅಂತ ಯಾರ ಬಳಿ ಪರ್ಮಿಟ್ ಕೇಳಿಕೊಂಡು ಓಡಾಡುವುದು? ಮಗಳು, ಅಳಿಯ ಇರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ. ಬೇಸಿಗೆಗೆ ಹೇಗೂ ಅಲ್ಲಿಗೆ ಹೋಗುವುದಿತ್ತು. ಚೀಲ ಅವರ ಮನೆಗೇ ಬರಲಿ, ಕೈ ಪಳಗಿಸಿಕೊಂಡು ಹೋಗುವುದು ಇಲ್ಲಿಂದಲೇ ಆಗಲಿ ಅಂತ ತೀರ್ಮಾನವಾಯಿತು.

ಕೈ ಪಳಗಿಸುವುದಕ್ಕೆ ಚಿನ್ನ ಬೇಡ, ಸೀಸ ಸಾಕು. ಈ ಹವ್ಯಾಸದವರು ಬಹಳ ಜನ ಹಾಗೇ ಕಲಿಯುವುದು. ಸೀಸದ ಸಾಂದ್ರತೆ 11.3. ಮಾಮೂಲಿ ಮರಳಿನದು 2.6 ಚಿಲ್ಲರೆ. ಸೀಸ ನಿಲ್ಲಿಸಲು ಬಂದವರಿಗೆ ಚಿನ್ನ ನಿಲ್ಲಿಸುವುದು ಇನ್ನೂ ಸುಲಭ. ಮೀನಿನ ಗಾಳ ಮಾರುವ ಅಂಗಡಿಯಿಂದ ಬಲೆಗೆ ಕಟ್ಟುವ ಸೀಸದ ಗುಂಡು ತಂದೆ. ಕಟಿಂಗ್ ಪ್ಲೇಯರ್‌ನಲ್ಲಿ ಚೂರು ಚೂರು ಮಾಡಿ, ಸುತ್ತಿಗೆಯಲ್ಲಿ ತಟ್ಟಿ ಚಪ್ಪಟೆ ಮಾಡಿದೆ. ನದಿಯ ಚಿನ್ನ ಗುಂಡಗಿರಲ್ಲ, ಚಪ್ಪಟೆ ಹಲ್ಲೆಯ, ಅಂದರೆ ತೆಳು ಚಕ್ಕೆಯ ಥರ ಇರುತ್ತದೆ, ಅದಕ್ಕೆ. ಸೀಸ ವಿಷ. ಗ್ಲೌಸ್ ಹಾಕಿಕೊಳ್ಳಬೇಕು, ಕೈ ತೊಳೆಯದೆ ಅಡುಗೆಮನೆಗೆ ಕಾಲಿಡಬಾರದು. ಮರಳು ಪಕ್ಕದ ಮನೆಯವರು ಕಟ್ಟಡ ಮುಗಿಸಿ ಉಳಿಸಿಕೊಂಡದ್ದು. ಈಗ ಎಲ್ಲರೂ ಎಂ-ಸ್ಯಾಂಡ್ ಅಲ್ವಾ, ಹೊಳೆಮರಳು ಸಿಕ್ಕಿದ್ದೇ ಪುಣ್ಯ.

ತಾರಸಿಯ ಮೇಲೆ ಬಟ್ಟೆ ನೆನೆಸುವ ಟಬ್ ಇಟ್ಟುಕೊಂಡು ಶುರು ಮಾಡಿದೆ. ಚಿನ್ನ ತೊಳೆಯುವ ಹಸಿರು ಪ್ಲಾಸ್ಟಿಕ್ ತಟ್ಟೆಯನ್ನು ಅಳಿಯ ಹಿಂದಿನ ಸಲ ಬಂದಾಗಲೇ ತಂದುಕೊಟ್ಟಿದ್ದ. ಅದಕ್ಕೆ ಒಂದು ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏಣು ಇರುತ್ತದೆ. ಭಾರದ ಕಣ ಅಲ್ಲಿ ಸಿಕ್ಕಿಕೊಳ್ಳಲಿ ಅಂತ. ಹಸಿರು ಯಾಕೆ ಅಂದರೆ ಅದರ ಮೇಲೆ ಹಳದಿಯೂ ಕಾಣುತ್ತದೆ, ಕಪ್ಪೂ ಕಾಣುತ್ತದೆ.

ಕೈ ಚಲನೆ ಹೇಗೆ ಅಂತ ವಿಡಿಯೊದಲ್ಲಿ ನೋಡಿ ನೋಡಿ ತಲೆ ಕೆಟ್ಟಿತ್ತು. ನೀರಿಗೆ ತಟ್ಟೆ ಇಳಿಸಿ ಎರಡು ಸಲ ಕುಲುಕಿದ ಮೇಲೆ ನಗು ಬಂತು. ಇದು ಅಕ್ಕಿ ಗಾಳಿಸುವುದೇ! ಕಲ್ಲಿಲ್ಲದ ಅಕ್ಕಿ ಪ್ಯಾಕೆಟ್‌ನಲ್ಲಿ ಬರುವ ಮೊದಲು ನಮ್ಮ ಪೀಳಿಗೆಯ ಹೆಂಗಸರೆಲ್ಲ ದಿನಾ ಮಾಡಿದ ಕೆಲಸ. ಪಾತ್ರೆಯಲ್ಲಿ ನೀರು ಬಿಟ್ಟು, ಓರೆ ಮಾಡಿ, ಮೆಲ್ಲಗೆ ಕುಲುಕಿ, ತೇಲಿದ ಅಕ್ಕಿಯನ್ನು ನೀರಿನ ಜೊತೆ ಇನ್ನೊಂದು ಪಾತ್ರೆಗೆ ಜಾರಿಸುವುದು. ತಳದಲ್ಲಿ ಕಲ್ಲು ಉಳಿಯುತ್ತದೆ. ಮದ್ದೂರಿನ ನಮ್ಮತ್ತೆ ಸೇರು ಅಕ್ಕಿ ಗಾಳಿಸಿದರೆ ಒಂದು ಕಲ್ಲು ಹಲ್ಲಿಗೆ ಸಿಗುತ್ತಿರಲಿಲ್ಲ. ಅಲ್ಲಿ ಕಲ್ಲು ಬಿಸಾಡಿ ಅಕ್ಕಿ ಇಟ್ಟುಕೊಳ್ಳುತ್ತಿದ್ದೆವು. ಇಲ್ಲಿ ಅಕ್ಕಿ ಬಿಸಾಡಿ ಕಲ್ಲು ಇಟ್ಟುಕೊಳ್ಳಬೇಕು.

ವ್ಯತ್ಯಾಸ ಒಂದಿದೆ. ಅಕ್ಕಿಯಲ್ಲಿ ಆತುರ ನಡೆಯುತ್ತದೆ, ಇಲ್ಲಿ ನಡೆಯಲ್ಲ. ಮೊದಲು ತಟ್ಟೆಯನ್ನು ನೀರಿನೊಳಗೇ ಮಟ್ಟಸವಾಗಿ ಹಿಡಿದು ಅಡ್ಡಡ್ಡ ಚೆನ್ನಾಗಿ ಕುಲುಕಬೇಕು. ಮರಳು ಗಂಜಿಯಂತೆ ಸಡಿಲವಾಗಬೇಕು. ಆಗಲೇ ಭಾರದ್ದು ತಳಕ್ಕೆ ಇಳಿಯೋದು. ಆಮೇಲೆ ಏಣಿನ ಕಡೆಗೆ ಬಗ್ಗಿಸಿ, ನೀರಿಗೆ ಅದ್ದಿ ಎತ್ತಿ, ಮೇಲಿನ ಪದರವನ್ನು ಮಾತ್ರ ಹೊರಗೆ ಬಿಡಬೇಕು. ನಾಲ್ಕೈದು ಸಲ ಬಿಟ್ಟ ಮೇಲೆ ಮತ್ತೆ ಮಟ್ಟಸ ಮಾಡಿ ಕುಲುಕಬೇಕು. ಕುಲುಕದೆ ಬರೀ ಬಳುಕಿಸುತ್ತಾ ಹೋದರೆ ಸೀಸವೂ ಮರಳಿನ ಜೊತೆ ಹೋಗಿಬಿಡುತ್ತದೆ. ಇಪ್ಪತ್ತು ಚೂರು ಹಾಕಿ ತೊಳೆದು ಎಣಿಸುವುದು, ಅದೇ ಅಭ್ಯಾಸ. ಇಪ್ಪತ್ತಕ್ಕೆ ಇಪ್ಪತ್ತು ವಾಪಸ್ ಬರುವ ತನಕ ನಮ್ಮ ಯಜಮಾನರು ತಾರಸಿಗೆ ಬಂದು ಬಂದು ನೋಡಿ, ‘ನೀರಿನ ಬಿಲ್ಲು ನಿನ್ನ ಚಿನ್ನದಲ್ಲಿ ಕಟ್ತೀಯಾ?’ ಅಂತ ಕೇಳಿಕೊಂಡು ಹೋಗುತ್ತಿದ್ದರು.

ಆ ಹೊಳೆಮರಳಿನಲ್ಲಿ ಕೊನೆಗೆ ತಟ್ಟೆಯ ತಳದಲ್ಲಿ ಒಂದು ಚಿಟಿಕೆ ಕಪ್ಪು ಮರಳು ಉಳಿಯುತ್ತಿತ್ತು. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹತ್ತಿರ ಹಿಡಿದರೆ ಅದರಲ್ಲಿ ಬಹುಪಾಲು ನೆಗೆದು ಅಂಟಿಕೊಳ್ಳುತ್ತಿತ್ತು. ಅದು ಮ್ಯಾಗ್ನೆಟೈಟ್, ಕಬ್ಬಿಣದ ಅದಿರು. ಅದರ ಸಾಂದ್ರತೆ ಸುಮಾರು 5.2. ಶ್ರೀರಂಗಪಟ್ಟಣದಲ್ಲಿ ನದಿ ದಡದ ಮರಳಿನ ಮೇಲೆ ಕಪ್ಪು ಗೆರೆಗಳು ಕಾಣುತ್ತವಲ್ಲ, ಅದೂ ಇಂಥ ಭಾರದ ಮರಳೇ. ನೀರೇ ತೊಳೆದು ಸಾಲು ಹಾಕಿಟ್ಟಿರುತ್ತದೆ.

ಇನ್ನು ಚೀಲದ ವಿಷಯ. ಆರ್ಡರ್ ಮಾಡುವ ಮೊದಲೇ ಒಂದು ಸಣ್ಣ ಲೆಕ್ಕ ಹಾಕಿದ್ದೆ. ಅದನ್ನು ಯಾರಾದರೂ ಹಾಕಬಹುದು.

ಚೀಲಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಗ್ಯಾರಂಟಿ ಚೀಲ: ಇದರಲ್ಲಿ ಇಂತಿಷ್ಟು ಚಿನ್ನ ಇದ್ದೇ ಇದೆ ಅಂತ ಬರೆದಿರುತ್ತಾರೆ. ಕಾಲು ಗ್ರಾಂ, ಅರ್ಧ ಗ್ರಾಂ, ಒಂದು ಗ್ರಾಂ ಹೀಗೆ. ಇನ್ನೊಂದು ‘ಯಾರೂ ಮುಟ್ಟಿಲ್ಲ, ಗಣಿಯಿಂದ ನೇರ’ ಅನ್ನುವ ಚೀಲ. ಅದರಲ್ಲಿ ಏನು ಸಿಗುತ್ತದೋ ನಿಮ್ಮ ಅದೃಷ್ಟ.

ಗ್ಯಾರಂಟಿ ಚೀಲದಲ್ಲಿ ಒಂದು ಕಿಲೋ ಮಣ್ಣಿಗೆ ಒಂದು ಗ್ರಾಂ ಚಿನ್ನ ಅಂದರೆ ಟನ್ನಿಗೆ ಒಂದು ಕಿಲೋ ಆಯಿತು. ನಮ್ಮ ಹಟ್ಟಿ ಗಣಿಯಲ್ಲಿ ಟನ್ ಕಲ್ಲು ಒಡೆದರೆ ಸಿಗುವುದು ಕೆಲವೇ ಗ್ರಾಂ. ಕೆಜಿಎಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. ಕೊನೆಗೆ ತೆಗೆಯುವ ಖರ್ಚು ಚಿನ್ನದ ಬೆಲೆಗಿಂತ ಜಾಸ್ತಿಯಾಗಿ, 2001ರ ಫೆಬ್ರವರಿ ಕೊನೆಯಲ್ಲಿ ಬಾಗಿಲು ಹಾಕಿದರು. ಅಲ್ಲಿ ಚಿನ್ನ ತೆಗೆದು ಬಿಟ್ಟ ಕಲ್ಲಿನ ಪುಡಿಯಿಂದ ಊರ ತುಂಬ ಎದ್ದಿರುವ ಸೈನೈಡ್ ದಿಬ್ಬಗಳಲ್ಲಿ ಈಗಲೂ ಚಿನ್ನ ಇದೆ, ಆದರೆ ಟನ್ನಿಗೆ ಒಂದು ಗ್ರಾಂಗೂ ಕಡಿಮೆ. ಅಷ್ಟಕ್ಕೇ ಅದನ್ನು ಮತ್ತೆ ಸೋಸುವ ಮಾತು ವರ್ಷಾನುಗಟ್ಟಲೆಯಿಂದ ನಡೆಯುತ್ತಿದೆ. ಹಾಗಿರುವಾಗ ಟನ್ನಿಗೆ ಒಂದು ಕಿಲೋ ಚಿನ್ನ ಇರುವ ನೆಲ ಯಾರ ಬಳಿಯಾದರೂ ಇದ್ದರೆ ಅವನು ಚೀಲಕ್ಕೆ ತುಂಬಿ ಅಂಚೆಗೆ ಹಾಕುತ್ತಾ ಕೂರುತ್ತಾನಾ? ಗ್ಯಾರಂಟಿ ಚೀಲ ಅಂದರೆ ತೂಕ ಮಾಡಿದ ಚಿನ್ನವನ್ನು ಮರಳಿಗೆ ಬೆರೆಸಿ ಕೊಟ್ಟದ್ದು. ಇದರಲ್ಲಿ ಮೋಸ ಏನಿಲ್ಲ, ಸುಮಾರು ಮಾರಾಟಗಾರರು ಹಾಗಂತ ಹೇಳಿಯೇ ಮಾರುತ್ತಾರೆ. ಕೊಳ್ಳುವವರು ಓದಿಕೊಳ್ಳಲ್ಲ ಅಷ್ಟೆ.

ಕೆಜಿಎಫ್ ಅಂದಾಗ ಒಂದು ಮಾತು. ನನ್ನ ತವರು ಮಳವಳ್ಳಿ ಕಡೆ. ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ಹುಟ್ಟಿದಾಗ ಅದು ಮೊದಲು ಹೋಗಿದ್ದು ನಮ್ಮೂರ ಮನೆಗಳಿಗಲ್ಲ, ತೊಂಬತ್ತು ಮೈಲಿಗೂ ದೂರದ ಕೋಲಾರದ ಗಣಿಗೆ. ಬೆಂಗಳೂರಿನ ಬೀದಿಗೆ ಕರೆಂಟು ದೀಪ ಬಂದದ್ದೇ 1905ರಲ್ಲಿ. ಒಂದು ಗ್ರಾಂ ಚಿನ್ನ ಮೇಲೆತ್ತುವುದಕ್ಕೆ ಎಷ್ಟು ಸಲಕರಣೆ ಬೇಕು ಅನ್ನುವುದು ನಮ್ಮ ಮಂಡ್ಯ ಜಿಲ್ಲೆಯ ನದಿಗೇ ಗೊತ್ತು!

ಬೆಲೆಯ ಲೆಕ್ಕವನ್ನು ರೂಪಾಯಿಯಲ್ಲಿ ಬರೆದರೆ ನಾಳೆಗೆ ಹಳಸಿಹೋಗುತ್ತದೆ. ಗ್ರಾಂನಲ್ಲೇ ಬರೆಯುತ್ತೇನೆ. ಅರ್ಧ ಗ್ರಾಂ ಗ್ಯಾರಂಟಿ ಚೀಲಕ್ಕೆ ನಾವು ಕೊಟ್ಟದ್ದು ಅಂದಿನ ದರದಲ್ಲಿ ಸುಮಾರು ಒಂದು ಗ್ರಾಂ ಅಪರಂಜಿಯ ಬೆಲೆ. ‘ಗಣಿಯಿಂದ ನೇರ’ ಚೀಲಕ್ಕೆ ಸುಮಾರು ಅರ್ಧ ಗ್ರಾಂನ ಬೆಲೆ. ಅಲ್ಲಿಗೆ ಮಣ್ಣಿಗೇ ಒಂದೂವರೆ ಗ್ರಾಂ ಚಿನ್ನದ ದುಡ್ಡು ಹೋಯಿತು. ತಟ್ಟೆ, ಜರಡಿ, ಹೀರುವ ಬಾಟಲಿ ಬೇರೆ.

ಚೀಲ ಬಂದಾಗ ಮೊಮ್ಮಗನಿಗೆ ನಿರಾಸೆಯೋ ನಿರಾಸೆ. ನಿಧಿಪೆಟ್ಟಿಗೆ ಬರುತ್ತದೆ ಅಂದುಕೊಂಡಿದ್ದನೋ ಏನೋ. ‘ಅಜ್ಜೀ, ಇದು ಬರೀ ಮಣ್ಣು’ ಅಂದ. ಹಿತ್ತಲಿನಲ್ಲಿ ಟಬ್ ಇಟ್ಟೆವು. ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು ಬಿಡಬೇಕು. ಚಿನ್ನ ಎಷ್ಟೇ ಭಾರವಾದರೂ ತೀರಾ ತೆಳುವಾದ ಹಲ್ಲೆ ನೀರಿನ ಮೇಲ್ಮೈ ಎಳೆತಕ್ಕೆ ಸಿಕ್ಕಿ ತೇಲಿ ಹೋಗುತ್ತದೆ. ಸೋಪು ಆ ಎಳೆತವನ್ನು ಮುರಿಯುತ್ತದೆ. ತಟ್ಟೆಯನ್ನೂ ಮೊದಲೇ ಸೋಪು ಹಾಕಿ ಉಜ್ಜಿ ಜಿಡ್ಡು ತೆಗೆಯಬೇಕು.

ಮೊದಲು ಜರಡಿ. ದಪ್ಪ ಕಲ್ಲೂ ಸಣ್ಣ ಮರಳೂ ಒಟ್ಟಿಗೆ ಇದ್ದರೆ ತೊಳೆಯುವುದು ಕಷ್ಟ. ಒಂದೇ ಗಾತ್ರದವು ಒಂದೆಡೆ ಇದ್ದರೆ ಭಾರದ ವ್ಯತ್ಯಾಸ ಸರಿಯಾಗಿ ಕೆಲಸ ಮಾಡುತ್ತದೆ. ಮಗಳ ಅಡುಗೆಮನೆಯ ಹಿಟ್ಟಿನ ವಂದರಿಯೂ ಈ ಕೆಲಸಕ್ಕೆ ಬಂತು, ಅವಳಿಗೆ ಆಮೇಲೆ ಹೊಸದು ಕೊಡಿಸಿದೆ.

ತೊಳೆಯುತ್ತಾ ತೊಳೆಯುತ್ತಾ ಬಿಳಿ ಮರಳು ಹೋಗಿ ಕಪ್ಪು ಮರಳು ಉಳಿಯಿತು. ಈಗ ತಟ್ಟೆಯಲ್ಲಿ ಒಂದೆರಡು ಚಮಚ ನೀರು ಮಾತ್ರ ಬಿಟ್ಟು ಮೆಲ್ಲಗೆ ಸುತ್ತಿಸಬೇಕು. ನೀರು ಕಪ್ಪು ಮರಳನ್ನು ತಳ್ಳಿಕೊಂಡು ಮುಂದೆ ಹೋಗುತ್ತದೆ. ಚಿನ್ನ ಕದಲುವುದಿಲ್ಲ, ಅಲ್ಲೇ ಕೂತಿರುತ್ತದೆ. ಕಪ್ಪು ಸರಿಯುತ್ತಿದ್ದ ಹಾಗೆ ಅದರ ಹಿಂದಿನಿಂದ ಹಳದಿ ಕಣಗಳು ಒಂದೊಂದಾಗಿ ಕಾಣಿಸಿಕೊಂಡವು. ಮೊಮ್ಮಗ ಕಿರುಚಿಕೊಂಡ. ನಾನೂ ಸುಮ್ಮನಿರಲಿಲ್ಲ ಬಿಡಿ. ಬೋರ್ಡಿನ ಮೇಲಿನ 19.3 ಅನ್ನುವುದು ಎಷ್ಟು ಹಠಮಾರಿ ಅಂತ ಆಗಲೇ ಗೊತ್ತಾಗಿದ್ದು. ಪಕ್ಕದ ಮ್ಯಾಗ್ನೆಟೈಟ್ ಹರಿದು ಹೋಗುತ್ತಿದ್ದರೆ ಇದು ಅಂಟು ಹಾಕಿದ ಹಾಗೆ ಕೂತಿತ್ತು.

ಹೊಳೆದದ್ದೆಲ್ಲ ಚಿನ್ನ ಅಲ್ಲ. ಅಭ್ರಕದ ಹಲ್ಲೆಗಳು ಬಿಸಿಲಿಗೆ ಚಿನ್ನಕ್ಕಿಂತ ಜೋರಾಗಿ ಮಿರಿಮಿರಿ ಅಂತವೆ. ಕೈ ಅಡ್ಡ ಹಿಡಿದು ನೆರಳು ಮಾಡಿದರೆ ಆರಿಹೋಗುತ್ತವೆ. ಚಿನ್ನ ನೆರಳಿನಲ್ಲೂ ಅದೇ ಹಳದಿ. ಪೈರೈಟ್ ಅನ್ನುವುದು ಇನ್ನೊಂದು ಮಾಯೆ. ಅನುಮಾನ ಬಂದರೆ ಸೂಜಿಯಲ್ಲಿ ಒತ್ತಿ ನೋಡಬೇಕು. ಪೈರೈಟ್ ಪುಡಿಯಾಗುತ್ತದೆ, ಚಿನ್ನ ತಗ್ಗುತ್ತದೆ.

ಹೀರುವ ಬಾಟಲಿಯಲ್ಲಿ ಕಣಗಳನ್ನು ಎಳೆದುಕೊಂಡು ಗಾಜಿನ ಸಣ್ಣ ಶೀಶೆಗೆ ಬಿಟ್ಟೆ. ಒಣಗಿಸಿ ಅಳಿಯನ ಸೂಕ್ಷ್ಮ ತಕ್ಕಡಿಯಲ್ಲಿ ಇಟ್ಟರೆ 0.43 ಗ್ರಾಂ. ಗ್ಯಾರಂಟಿ ಅರ್ಧ ಗ್ರಾಂ ಅಲ್ವಾ? ಅಳಿಯ ಆಗಲೇ ಮಾರಾಟಗಾರನಿಗೆ ದೂರು ಬರೆಯಲು ಕೂತ. ‘ಸ್ವಲ್ಪ ತಡಿಯಪ್ಪಾ’ ಅಂದೆ. ತೊಳೆದು ಬಿಟ್ಟ ಮರಳನ್ನೆಲ್ಲ ಇನ್ನೊಂದು ಟಬ್ಬಿನಲ್ಲಿ ಹಿಡಿದಿಟ್ಟಿದ್ದೆ. ಅದು ಈ ಕೆಲಸದಲ್ಲಿ ಕಡ್ಡಾಯ. ಕಾಲುವೆಗೆ ಚೆಲ್ಲಿದ ಮೇಲೆ ಯಾರನ್ನು ದೂರಿ ಏನು? ಅದನ್ನು ಮತ್ತೆ ತೊಳೆದೆ. ಕಪ್ಪು ಮರಳನ್ನೂ ಬಿಡಲಿಲ್ಲ. ಅಯಸ್ಕಾಂತಕ್ಕೆ ಮ್ಯಾಗ್ನೆಟೈಟ್ ಗೊಂಚಲಾಗಿ ಅಂಟುವಾಗ ನಡುವೆ ಚಿನ್ನದ ಪುಡಿಯನ್ನೂ ಬಾಚಿಕೊಂಡು ಹೋಗುತ್ತದೆ. ಅದಕ್ಕೇ ನೀರಿನೊಳಗೇ ಹಿಡಿದು, ಬಿಟ್ಟು, ಮತ್ತೆ ಹಿಡಿದು ಮಾಡಬೇಕು. ಕೊನೆಗೆ 0.51 ಆಯಿತು. ದೂರಿನ ಪತ್ರ ಹೋಗಲಿಲ್ಲ.

‘ಗಣಿಯಿಂದ ನೇರ’ ಚೀಲದ ಕತೆ ಬೇಗ ಮುಗಿಯುತ್ತದೆ. ಇಡೀ ಚೀಲಕ್ಕೆ 0.02 ಗ್ರಾಂ. ಕಣ್ಣಿಗೆ ಕಾಣುವ ನಾಲ್ಕು ಹಲ್ಲೆ, ಉಳಿದದ್ದು ಹೊಟ್ಟು. ಇದೂ ಮೋಸ ಅಂತ ಹೇಳಲಾರೆ. ಇಷ್ಟೇ ಇರುತ್ತದೆ ಅಂತ ಅವರು ಎಲ್ಲೂ ಬರೆದಿರಲಿಲ್ಲ, ಗಟ್ಟಿ ಸಿಕ್ಕವರ ಫೋಟೊ ಮಾತ್ರ ಹಾಕಿದ್ದರು. ಲಾಟರಿ ಅಂಗಡಿಯವರೂ ಗೆದ್ದವರ ಫೋಟೊನೇ ಅಲ್ವಾ ಹಾಕೋದು.

ಒಂದು ಗ್ರಾಂ ಚಿನ್ನ ಎಷ್ಟು ಸಣ್ಣದು ಅಂತ ಬಹಳ ಜನಕ್ಕೆ ಅಂದಾಜಿಲ್ಲ. ಪೂರ್ತಿ ಶುದ್ಧವಾಗಿದ್ದರೆ ಮೂರೂ ಮುಕ್ಕಾಲು ಮಿಲಿಮೀಟರಿನ ಒಂದು ದಾಳ. ನಮ್ಮದು ಅದರಲ್ಲೂ ಅರ್ಧ. ಆದರೆ ಹಲ್ಲೆ ಹಲ್ಲೆಯಾಗಿ ನೀರು ತುಂಬಿದ ಶೀಶೆಯ ತಳದಲ್ಲಿ ಹರಡಿಕೊಂಡಾಗ ಬಹಳ ಇದ್ದ ಹಾಗೆ ಕಾಣುತ್ತದೆ. ಗಾಜು ಬೇರೆ ದೊಡ್ಡದಾಗಿ ತೋರಿಸುತ್ತದೆ. ಪ್ರವಾಸಿ ಜಾಗಗಳಲ್ಲಿ ಚಿನ್ನ ತೇಲುವ ಶೀಶೆ ಮಾರುತ್ತಾರಲ್ಲ, ಅದರಲ್ಲಿರುವುದು ಚಿನ್ನದ ರೇಕಿನ ಚೂರು. ತೂಕಕ್ಕೆ ಹಾಕಿದರೆ ಕೆಲವೇ ಮಿಲಿಗ್ರಾಂ.

ಅಲ್ಲಿದ್ದಾಗ ಕೊಲೋಮಾಕ್ಕೂ ಹೋಗಿ ಬಂದೆವು. 1848ರ ಜನವರಿ 24ರಂದು ಜೇಮ್ಸ್ ಮಾರ್ಷಲ್ ಅನ್ನುವವನಿಗೆ ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಚಿನ್ನ ಕಂಡ ಜಾಗ. ಅಲ್ಲಿಂದಲೇ ಕ್ಯಾಲಿಫೋರ್ನಿಯಾಕ್ಕೆ ಜನ ಮುಗಿಬಿದ್ದದ್ದು. ಈಗ ಅದು ಸರ್ಕಾರದ ಉದ್ಯಾನ. ನದಿಯ ಗೊತ್ತುಮಾಡಿದ ಒಂದು ದಡದಲ್ಲಿ ಯಾರು ಬೇಕಾದರೂ ತಟ್ಟೆ ಹಿಡಿದು ತೊಳೆಯಬಹುದು. ಬರೀ ಕೈ, ಬರೀ ತಟ್ಟೆ. ಸಲಿಕೆಗೂ ಅವಕಾಶ ಇಲ್ಲ. ತಣ್ಣನೆ ನೀರಿನಲ್ಲಿ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯಿತು. ಸಿಕ್ಕಿದ್ದು ಕಣ್ಣಿಗೆ ಕಾಣುವಷ್ಟು ಒಂದೇ ಒಂದು ಚುಕ್ಕೆ. ತೂಕಕ್ಕೆ ಬರಲ್ಲ. ಚೀಲದ ಅರ್ಧ ಗ್ರಾಂಗಿಂತ ನನಗೆ ಆ ಚುಕ್ಕೆಯೇ ಹೆಚ್ಚು ಅನ್ನಿಸಿತು. ಅದನ್ನು ಅಲ್ಲಿ ಯಾರೂ ಇಟ್ಟಿರಲಿಲ್ಲ.

ವಾಪಸ್ ಬರುವಾಗ ಆಭರಣವಲ್ಲದ ಚಿನ್ನ ಅಂತ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರ ಕೆಂಪು ಸಾಲಿಗೇ ಹೋಗಿ ಶೀಶೆ ತೋರಿಸಿದೆ. ತೂಕ ಕೇಳಿ, ಬೆಳಕಿಗೆ ಹಿಡಿದು ನೋಡಿ, ನಕ್ಕು ಕಳಿಸಿದರು.

ಮೈಸೂರಿನಲ್ಲಿ ನಮ್ಮ ಮನೆಯ ಒಡವೆ ಮಾಡಿಕೊಡುವ ಆಚಾರ್ರು ಅಶೋಕ ರಸ್ತೆಯ ಹಿಂದಿನ ಓಣಿಯಲ್ಲಿ ಕೂರುತ್ತಾರೆ. ಅವರ ತಂದೆ ನನ್ನ ಮದುವೆಯ ತಾಳಿ ಮಾಡಿದವರು. ಶೀಶೆಯನ್ನು ಅವರ ಮುಂದಿಟ್ಟು ಏನೂ ಹೇಳಲಿಲ್ಲ. ಒಂದು ಬಿಳಿ ಕಾಗದದ ಮೇಲೆ ಸುರಿದುಕೊಂಡು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡರು.

‘ಇದು ಅರದ ಪುಡಿ ಅಲ್ಲ, ಕತ್ತರಿಸಿದ್ದೂ ಅಲ್ಲ. ಎಲ್ಲಿ ಸಿಕ್ತಮ್ಮ?’

ಹೇಳಿದೆ. ಎಷ್ಟು ಕೊಟ್ಟಿರಿ ಅಂತ ಕೇಳಲಿಲ್ಲ, ಆ ಮರ್ಯಾದೆ ಅವರಿಗಿದೆ. ‘ಬಣ್ಣ ಸ್ವಲ್ಪ ಬಿಳಿಚಿದೆ. ಬೆಳ್ಳಿ ಸೇರಿದೆ. ತಾಮ್ರ ಸೇರಿದ್ರೆ ಕೆಂಪು ಹೊಡೀತಿತ್ತು’ ಅಂದರು.

ಪುಡಿಯನ್ನು ಒರೆಗೆ ಹಚ್ಚಲು ಆಗಲ್ಲ, ಕರಗಿಸಬೇಕು. ಸಣ್ಣ ಮೂಸೆಗೆ ಹಾಕಿ, ಮೇಲೆ ಒಂದು ಚಿಟಿಕೆ ಬಿಳಿಗಾರ (ಬೋರಾಕ್ಸ್) ಉದುರಿಸಿದರು. ಗ್ಯಾಸ್ ಟಾರ್ಚಿನ ಉರಿ ಕೊಟ್ಟರು. ಚಿನ್ನ ಕರಗಬೇಕಾದರೆ 1064 ಡಿಗ್ರಿ ಬೇಕು, ಬೆಳ್ಳಿ ಬೆರೆತಿದ್ದರೆ ಸ್ವಲ್ಪ ಕಡಿಮೆಗೇ ಆಗುತ್ತದೆ. ಮೊದಲು ಹಲ್ಲೆಗಳು ಕೆಂಪಾದವು. ಅಂಚುಗಳು ಒಳಕ್ಕೆ ಮುದುಡಿಕೊಂಡವು. ಬಿಳಿಗಾರ ಗಾಜಿನ ಹಾಗೆ ಕರಗಿ, ಅಲ್ಲಲ್ಲಿ ಉಳಿದಿದ್ದ ಕಪ್ಪು ಮರಳಿನ ಕಣಗಳನ್ನು ಒಳಗೆ ಎಳೆದುಕೊಂಡಿತು. ಆಮೇಲೆ ಒಂದು ಕ್ಷಣದಲ್ಲಿ ಎಲ್ಲಾ ಹಲ್ಲೆಗಳೂ ಒಂದಕ್ಕೊಂದು ಸೇರಿ ಗುಂಡಗೆ ಒಂದೇ ಮಣಿಯಾಗಿ ತಿರುಗತೊಡಗಿತು. ತಣಿಸಿ, ಅಂಟಿದ ಬಿಳಿಗಾರವನ್ನು ತಟ್ಟಿ ಬಿಡಿಸಿ ತಕ್ಕಡಿಗೆ ಇಟ್ಟರು. ಎರಡೂ ಚೀಲ ಸೇರಿ 0.53 ಇದ್ದದ್ದು 0.51 ಆಯಿತು. ನಾನು ಚಿನ್ನ ಅಂತ ತೂಗಿದ್ದರಲ್ಲಿ ಅಷ್ಟು ಕಪ್ಪು ಮರಳಿತ್ತು.

ಮಣಿಯನ್ನು ಒರೆಗಲ್ಲಿನ ಮೇಲೆ ಎಳೆದರು. ಪಕ್ಕದಲ್ಲಿ ಶುದ್ಧತೆ ಎಷ್ಟು ಅಂತ ತಮಗೆ ಗೊತ್ತಿರುವ ಚಿನ್ನದ ಗೆರೆಗಳನ್ನು ಎಳೆದು, ಆಸಿಡ್ಡಿನ ತೊಟ್ಟು ಹಚ್ಚಿ ನೋಡಿದರು. ‘ಇಪ್ಪತ್ತೊಂದು ಕ್ಯಾರೆಟ್ ಹತ್ರ ಇದೆ.’ ಮುಂದಿನ ಅಂಗಡಿಯ ಕ್ಯಾರೆಟ್ ಮೀಟರಿನಲ್ಲೂ ಹಿಡಿಸಿಕೊಂಡು ಬಂದೆ. ನೂರಕ್ಕೆ 87 ಚಿನ್ನ, ಉಳಿದದ್ದು ಬಹುತೇಕ ಬೆಳ್ಳಿ. ಒರೆಗಲ್ಲಿನ ಲೆಕ್ಕವೂ ಮಿಷಿನ್ ಲೆಕ್ಕವೂ ಕೂದಲೆಳೆಯಷ್ಟು ಆಚೀಚೆ. ಕ್ಯಾಲಿಫೋರ್ನಿಯಾದ ನದಿ ಚಿನ್ನ ಸಾಮಾನ್ಯವಾಗಿ ಹೀಗೇ, 85ರಿಂದ 90ರ ನಡುವೆ. ನಾವು ಒಡವೆಗೆ ಕೊಳ್ಳುವ 916ಕ್ಕೂ, ಅಂದರೆ ನೂರಕ್ಕೆ 91.6ಕ್ಕೂ ಕೆಳಗೆ. ಚೀಲದ ಮೇಲೆ ಅರ್ಧ ಗ್ರಾಂ ಅಂತ ಬರೆದದ್ದು ಈ ಬೆಳ್ಳಿ ಬೆರೆತ ಚಿನ್ನದ ತೂಕ, ಅಪರಂಜಿಯದ್ದಲ್ಲ. ಇದನ್ನು ಕೊಳ್ಳುವ ಮೊದಲೇ ಲೆಕ್ಕಕ್ಕೆ ಹಿಡಿದುಕೊಳ್ಳಬೇಕು.

ಹಾಗಾಗಿ ಒಂದೂವರೆ ಗ್ರಾಂನ ದುಡ್ಡು ಕೊಟ್ಟು ಮೈಸೂರಿಗೆ ತಂದದ್ದು 0.44 ಗ್ರಾಂ ಅಪರಂಜಿ. ಮೂರನೇ ಒಂದು ಪಾಲೂ ಇಲ್ಲ. ಗ್ಯಾರಂಟಿ ಚೀಲ ಒಂದನ್ನೇ ಹಿಡಿದರೂ ಅರ್ಧಕ್ಕೆ ಕಡಿಮೆ. ಮಾರಲು ಹೋದರೆ ಇನ್ನೂ ಮುರಿಯುತ್ತಾರೆ.

ಆಚಾರ್ರಿಗೆ ಆ ಹೊತ್ತಿಗೆ ಕುತೂಹಲ ಹತ್ತಿತ್ತು. ತಮ್ಮ ಕಾಲ ಕೆಳಗಿನ ಕಸ ತೋರಿಸಿದರು. ‘ನಮ್ಮ ಅಂಗಡಿ ಕಸಕ್ಕೂ ಬೆಲೆ ಇದೆ ಅಮ್ಮ. ಗುಡಿಸಿದ್ದು, ಕೈ ತೊಳೆದ ನೀರಿನ ಗಸಿ, ಹಳೇ ಮೂಸೆ ಎಲ್ಲ ಕೂಡಿಟ್ಟಿರ್ತೀವಿ. ಕೊಳ್ಳೋರು ಬರ್ತಾರೆ. ಸುಟ್ಟು, ಕುಟ್ಟಿ, ತೊಳೆದು ತೆಗೀತಾರೆ. ಎಷ್ಟು ಬರುತ್ತೆ ಅಂತ ನಮಗೂ ಗೊತ್ತಿಲ್ಲ, ಅವ್ರಿಗೂ ಗೊತ್ತಿಲ್ಲ. ಒಂದ್ಸಲ ಅವ್ರಿಗೆ ಲಾಭ, ಒಂದ್ಸಲ ನಮಗೆ. ನಿಮ್ಮ ಚೀಲದಲ್ಲಿ ಹಾಗಲ್ಲ. ಮಾರಿದೋನಿಗೆ ಗೊತ್ತಿತ್ತು.’

ಇಡೀ ವ್ಯವಹಾರದ ಬಗ್ಗೆ ಇದಕ್ಕಿಂತ ಸರಿಯಾಗಿ ಹೇಳಿದವರನ್ನು ನಾನು ನೋಡಿಲ್ಲ. ತೂಕ ಗೊತ್ತಿರುವವನು ನಷ್ಟಕ್ಕೆ ಮಾರಲ್ಲ. ‘ಮುಟ್ಟಿಲ್ಲ’ ಅನ್ನುವ ಚೀಲದವನೂ ತನ್ನ ನೆಲದ ಸ್ಯಾಂಪಲ್ ತೊಳೆದು ನೋಡದೆ ಇರುತ್ತಾನಾ? ನಮ್ಮ ಪಕ್ಕದ ವೈನಾಡಿನಲ್ಲೂ 1880ರ ಸುಮಾರಿಗೆ ಚಿನ್ನದ ಹುಚ್ಚು ಎದ್ದಿತ್ತು. ಈಗ ತಮಿಳುನಾಡಿನಲ್ಲಿರುವ ದೇವಾಲ, ಪಂದಲೂರು ಕಡೆ ಗಣಿ ಅಂತ ಲಂಡನ್ನಿನಲ್ಲಿ ಕಂಪನಿಗಳ ಮೇಲೆ ಕಂಪನಿ ಎದ್ದು, ಷೇರು ಮಾರಿ, ಕೆಲವೇ ವರ್ಷಗಳಲ್ಲಿ ಮುಳುಗಿದವು. ದುಡ್ಡು ಮಾಡಿಕೊಂಡವರು ಷೇರು ಮಾರಿದವರು, ನೆಲ ಅಗೆದವರಲ್ಲ.

ಮಣಿ ಈಗ ಮಗಳ ಹಳೆಯ ಓಲೆಯ ತಿರುಪಿನಲ್ಲಿದೆ. ಒಂದು ತಿರುಪು ಎಂದೋ ಕಳೆದುಹೋಗಿತ್ತು. ಆಚಾರ್ರು ಸ್ವಲ್ಪ ಒಳ್ಳೆ ಚಿನ್ನ ಸೇರಿಸಿ ಶುದ್ಧತೆ ಏರಿಸಿ ಮಾಡಿಕೊಟ್ಟರು. ಕೂಲಿ ಬೇರೆ.

ಇಷ್ಟೆಲ್ಲ ಕೇಳಿಯೂ ‘ನಮ್ಮ ಮಗ ಅಲ್ಲೇ ಇದ್ದಾನೆ, ಒಂದು ತರಿಸಿ ನೋಡ್ತೀವಿ’ ಅನ್ನುವವರಿದ್ದಾರೆ. ತಪ್ಪೇನಿಲ್ಲ. ಸಿನಿಮಾಕ್ಕೆ ಹೋದರೂ ದುಡ್ಡು ವಾಪಸ್ ಬರಲ್ಲ. ತರಿಸುವುದಾದರೆ ತೂಕ ಬರೆದುಕೊಟ್ಟ ಚೀಲವನ್ನೇ, ಕಾಲೋ ಅರ್ಧವೋ ಗ್ರಾಂ ಇರುವುದನ್ನೇ ತರಿಸಿ. ಚೀಲದ ಬೆಲೆಯನ್ನು ಗ್ರಾಂಗೆ ಭಾಗಿಸಿ, ಅದರ ಪಕ್ಕ ಅವತ್ತಿನ ಚಿನ್ನದ ದರ ಬರೆದು ನೋಡಿ. ಆ ವ್ಯತ್ಯಾಸವೇ ನೀವು ಆಟಕ್ಕೆ ಕೊಡುವ ಟಿಕೆಟ್ಟು. ಗಟ್ಟಿ ಸಿಗಬಹುದು, ಬೋನಸ್ ಬರಬಹುದು ಅನ್ನುವ ಚೀಲ ಬೇಡ. ಪಾದರಸ ಹಾಕಿ ಸಣ್ಣ ಚಿನ್ನ ಹಿಡಿಯುವ ವಿಡಿಯೊಗಳಿವೆ, ಅವನ್ನು ಮನೆಯಲ್ಲಿ ಯಾರೂ ಮಾಡಬಾರದು. ಪಾದರಸದ ಆವಿ ಕುಡಿದು ಹಾಳಾದ ನರ ಮತ್ತೆ ಸರಿಯಾಗದೇ ಹೋಗಬಹುದು.

ಕಾವೇರಿ ಮರಳಿನಲ್ಲಿ ಪ್ರಯತ್ನಿಸಬಹುದಲ್ವಾ ಅಂತಲೂ ಕೇಳುತ್ತಾರೆ. ಪಕ್ಕದ ಮನೆಯ ಆ ಹೊಳೆಮರಳಿನಲ್ಲಿ ನನಗೆ ಹಳದಿ ಚುಕ್ಕೆ ಒಂದೂ ಸಿಗಲಿಲ್ಲ. ಅದು ಹಾಗಿರಲಿ, ನದಿಯ ಮರಳನ್ನು ಸುಮ್ನೆ ತುಂಬಿಕೊಂಡು ಬರುವಂತಿಲ್ಲ. ಚಿನ್ನವಂತೂ 1957ರ ಗಣಿ ಕಾಯಿದೆಯ ಕೆಳಗೆ ಬರುವ ಪ್ರಮುಖ ಖನಿಜ. ಲೈಸೆನ್ಸ್ ಇಲ್ಲದೆ ಕೈ ಹಾಕಬಾರದು.

ಕೈ ಕೆಲಸ ಕಲಿಯುವುದೇ ಆಸೆಯಾದರೆ ಒಂದು ಬುಟ್ಟಿ ಮರಳು, ಒಂದು ತಟ್ಟೆ ಸಾಕು. ನನ್ನ ತಟ್ಟೆಯನ್ನು ಈಗ ಮಂಡ್ಯದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿರುವ ಹಳೆಯ ಸಹೋದ್ಯೋಗಿ ತೆಗೆದುಕೊಂಡು ಹೋಗಿದ್ದಾರೆ. ಮಕ್ಕಳ ಕೈಗೆ ಸೀಸ ಬೇಡ ಅಂತ ಸೈಕಲ್ ಅಂಗಡಿಯ ಸಣ್ಣ ಬೇರಿಂಗ್ ಗುಂಡುಗಳನ್ನು ಮರಳಿಗೆ ಬೆರೆಸಿ ಕೊಡುತ್ತಾರೆ. ಉಕ್ಕಿನ ಸಾಂದ್ರತೆ 7.8, ಚಿನ್ನಕ್ಕಿಂತ ನಿಲ್ಲಿಸುವುದು ಕಷ್ಟ. ಒಬ್ಬ ಹುಡುಗಿ ಮೊದಲ ಸಲಕ್ಕೇ ಇಪ್ಪತ್ತಕ್ಕೆ ಹತ್ತೊಂಬತ್ತು ತೆಗೆದಳಂತೆ. ಮನೆಯಲ್ಲಿ ರಾಗಿ ಗಾಳಿಸುವುದು ಅವಳದೇ ಕೆಲಸವಂತೆ.